ಗುಡ್ಡ ಇಳಿದ ಮುಳ್ಳು

ಮೊದಲೇ ಹೇಳಿಬಿಡುತ್ತೇನೆ, ನಾನು ಗಡಿಯಾರವಲ್ಲ. ದುಂಡು ಮುಖ, ಗಾಜು, ಹಿತ್ತಾಳೆಯ ಕಟ್ಟು, ನಡುವೆ ಮುಳ್ಳು ಇರುವುದನ್ನು ಕಂಡು ಅರವತ್ತು ವರ್ಷಗಳಿಂದ ಜನ ನನ್ನ ಬಳಿ ಗಂಟೆ ಕೇಳುತ್ತಲೇ ಬಂದಿದ್ದಾರೆ. ಒಬ್ಬ ಮಹಾಶಯರಂತೂ ನನ್ನೆದುರು ನಿಂತು, ತಮ್ಮ ಕೈಗಡಿಯಾರದ ಕಿವಿ ಹಿಂಡಿ, ನನಗೆ ಹೊಂದಿಸಿಕೊಂಡು ಹೋದರು. ಆಮೇಲೆ ಯಾವ ಬಸ್ಸು ತಪ್ಪಿಸಿಕೊಂಡರೋ ಗೊತ್ತಿಲ್ಲ. ನಾನು ವಾಯುಭಾರಮಾಪಕ. ನಿಮ್ಮ ತಲೆಯ ಮೇಲೆ ಕೂತಿರುವ ಗಾಳಿಗೂ ತೂಕವಿದೆ. ತೂಕ ಇಳಿದರೆ ಗಾಳಿಮಳೆ ಬರುವ ಲಕ್ಷಣ, ಏರಿದರೆ ಬಾನು ತಿಳಿಯಾಗುವ ಲಕ್ಷಣ. ಅದನ್ನು ತೋರಿಸುವುದು ನನ್ನ ಕಸುಬು.

ನಾನು ಹುಟ್ಟಿದ್ದು ಕಲ್ಕತ್ತೆಯ ಒಂದು ಓಣಿಯ ಕಾರ್ಖಾನೆಯಲ್ಲಿ. ತೆಳು ತಗಡಿನ ಪುಟ್ಟ ಡಬ್ಬಿಯೊಂದನ್ನು ಮಾಡಿ, ಅದರೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಬಾಯಿ ಮುಚ್ಚಿ ನನ್ನ ಹೊಟ್ಟೆಯಲ್ಲಿ ಕೂರಿಸಿದರು. ಹೊರಗಿನ ಗಾಳಿ ಒತ್ತಿದಷ್ಟೂ ಆ ಡಬ್ಬಿ ಕುಗ್ಗುತ್ತದೆ, ಕುಗ್ಗಿದಷ್ಟೂ ನನ್ನ ಕರಿಮುಳ್ಳು ಏರುತ್ತದೆ. ಇನ್ನೊಂದು ಹಳದಿ ಮುಳ್ಳೂ ಇದೆ. ಅದು ತಾನಾಗಿ ಅಲುಗುವುದಿಲ್ಲ, ಮನುಷ್ಯರು ತಿರುಗಿಸಬೇಕು. ಕರಿಮುಳ್ಳು ಎಲ್ಲಿದೆಯೋ ಅದರ ಮೇಲೆ ಹಳದಿ ಮುಳ್ಳನ್ನು ತಂದು ನಿಲ್ಲಿಸಿ ಹೋದರೆ, ಮರಳಿ ಬಂದಾಗ ಕರಿಯದು ಎತ್ತ ಸರಿದಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಈ ಹಳದಿ ಮುಳ್ಳನ್ನು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ಮಾನ ಕಳೆದದ್ದು ಅದೇ.

ಮೊದಲ ಹದಿನಾರು ವರ್ಷ ಒಂದು ಸರಕು ಹಡಗಿನಲ್ಲಿದ್ದೆ. ಕಪ್ತಾನರು ದಿನಾ ಬೆಳಿಗ್ಗೆ ಚಹಾಕ್ಕಿಂತ ಮೊದಲು ಬಂದು ನನ್ನ ಗಾಜನ್ನು ಬೆರಳಿನಿಂದ ಮೆಲ್ಲಗೆ ಬಡಿಯುತ್ತಿದ್ದರು. ಅವರು ಬಡಿದರೆ ಇಡೀ ಹಡಗು ಉಸಿರು ಬಿಗಿಹಿಡಿಯುತ್ತಿತ್ತು. ನನಗೆ ಜಂಬ ಹತ್ತಿದ್ದು ಅಲ್ಲಿಯೇ. ಆಮೇಲೆ ಹಡಗಿಗೆ ವಯಸ್ಸಾಯಿತು, ಅದನ್ನು ಒಡೆದರು. ನಾನು ಮುಂಬಯಿಯ ಗುಜರಿ ಬಜಾರಿನಲ್ಲಿ ತುಕ್ಕು ಹಿಡಿದ ಬೀಗಗಳ ನಡುವೆ ಅಂಗಾತ ಬಿದ್ದುಕೊಂಡೆ. ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವರು ವಾದಿರಾಜ ಮೇಷ್ಟ್ರು.

ಬೈಂದೂರಿನ ದಿಕ್ಕಿನಲ್ಲಿ, ನಾಗರಕೋಡಿ ಎಂಬ ಪುಟ್ಟ ಮೀನುಗಾರಿಕೆ ಬಂದರಿನ ನೆತ್ತಿಗೆ ಒಂದು ಗುಡ್ಡವಿದೆ. ಮೇಷ್ಟ್ರ ಮನೆ ಅದರ ಮೇಲಿತ್ತು. ಬಂದರಿನಿಂದ ನಾನೂರು ಮೆಟ್ಟಿಲು. ಎತ್ತರಕ್ಕೆ ಹೋದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆಯಾಗುತ್ತದೆ, ನನ್ನ ಮುಳ್ಳು ಇಳಿಯುತ್ತದೆ. ಆ ಗುಡ್ಡದ ಮೇಲೆ ನಾನು ಯಾವಾಗಲೂ ಎಂಟು ಅಂಕ ಕಡಿಮೆ ತೋರಿಸುತ್ತಿದ್ದೆ. ಮೇಷ್ಟ್ರು ನನ್ನ ಬೆನ್ನಿನ ಸ್ಕ್ರೂ ತಿರುಗಿಸಿ ಆ ಎಂಟನ್ನು ಕೂಡಿಸಿದರು. ಅಲ್ಲಿಂದಾಚೆ ಗುಡ್ಡದ ಮೇಲೆ ಕೂತು ಸಮುದ್ರದಂಚಿನ ಲೆಕ್ಕ ಹೇಳತೊಡಗಿದೆ.

ಮೇಷ್ಟ್ರ ಮನೆಯ ಜಗಲಿಯ ಕೋಣೆಯಲ್ಲಿ ಹೊಲಿಗೆ ಮಷಿನ್ನು ಇಟ್ಟುಕೊಂಡಿದ್ದವಳು ಜಲಜಾಕ್ಷಿ. ಊರಿಗೆಲ್ಲ ಜಲಜಕ್ಕ. ನನಗೊಂದು ಗವಸು ಹೊಲಿಯಲು ಅಳತೆ ತೆಗೆಯಲು ಬಂದವಳು, ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಅರ್ಧ ಗಂಟೆ ನನ್ನೆದುರು ನಿಂತಳು. ಮುಳ್ಳು ಯಾಕೆ ಸರಿಯಿತು, ಎಷ್ಟು ಸರಿಯಿತು, ನಾಳೆ ಎಲ್ಲಿರುತ್ತದೆ ಎಂದು ಮೇಷ್ಟ್ರ ಜೀವ ತಿಂದಳು. ಮೇಷ್ಟ್ರಿಗೆ ಅದೇ ಬೇಕಾಗಿತ್ತು. ಅವರು ಕಣ್ಣು ಮುಚ್ಚುವ ಮೊದಲು ನನ್ನನ್ನು ಅವಳಿಗೆ ಒಪ್ಪಿಸಿದರು. "ಇದನ್ನು ಈ ಗೋಡೆಗೆ ಹೊಂದಿಸಿದ್ದೇನೆ ಜಲಜಾ" ಎಂದೂ ಹೇಳಿದ್ದರು.

ಜಲಜಕ್ಕನಂಥ ಯಜಮಾನಿ ನನಗೆ ಇನ್ನೊಬ್ಬಳು ಸಿಗಲಿಲ್ಲ. ಏಳನೇ ಇಯತ್ತೆಯ ಓದು, ಆದರೆ ಹತ್ತೊಂಬತ್ತು ವರ್ಷ ಒಂದು ದಿನವೂ ತಪ್ಪಿಸದೆ ದಿನಕ್ಕೆ ನಾಲ್ಕು ಸಲ ನನ್ನನ್ನು ಓದಿ ಬರೆದಿಟ್ಟಳು. ಜ್ವರ ಬಂದ ದಿನವೂ ಬರೆದಳು, ಸ್ವಂತ ತಮ್ಮ ಶೀನನ ಮದುವೆಯ ದಿನ ದಿಬ್ಬಣ ನಿಲ್ಲಿಸಿ ಬರೆದಳು. ಕಾರವಾರದಿಂದ ಉಳ್ಳಾಲದವರೆಗೆ ಅವಳಂಥ ಹನ್ನೊಂದು ಹುಚ್ಚರಿದ್ದರು. ಅವರದ್ದೊಂದು ವಾಟ್ಸಾಪ್ ಗುಂಪು, ಹೆಸರು 'ಗಾಳಿ ಬಳಗ'. ಬೇರೆ ಗುಂಪುಗಳಲ್ಲಿ ಹೂವಿನ ಚಿತ್ರಗಳು ಓಡಾಡುವ ಹೊತ್ತಿಗೆ ಇವರು ಮೋಡದ ಚಿತ್ರ, ಮಳೆಯ ಮಿಲಿಮೀಟರು, ಅಲೆಯ ಎತ್ತರ ಎಂದು ಬಡಿದಾಡುತ್ತಿದ್ದರು. ಕಾರವಾರದ ಪೆಡ್ನೇಕರ್ ಎಂಬ ನಿವೃತ್ತ ಬಸ್ ಕಂಡಕ್ಟರರು ಅದರ ಹಿರಿಯರು. ಮಾಪನದಲ್ಲಿ ಅರ್ಧ ಅಂಕ ಹೆಚ್ಚುಕಡಿಮೆಯಾದರೆ, ಟಿಕೆಟ್ ಇಲ್ಲದವನನ್ನು ಹಿಡಿದ ಹಾಗೆ ಹಿಡಿಯುತ್ತಿದ್ದರು. ಮೊಬೈಲಿನ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ, ಆದರೆ ಈ ಬಳಗದ ಬಗ್ಗೆ ಇದೆ. ಯಾರೂ ಕೇಳದಿದ್ದರೂ ಆಕಾಶಕ್ಕೆ ಕಾವಲು ಕೂತವರು ಅವರು.

ಆ ವರ್ಷ ಮೇ ತಿಂಗಳ ನಡುವೆ ಲಕ್ಷದ್ವೀಪದ ಹತ್ತಿರ ಒಂದು ಸುಳಿ ಕಟ್ಟಿತು. ಹವಾಮಾನ ಇಲಾಖೆಯವರು ಮೂರು ಮೂರು ಗಂಟೆಗೆ ಪ್ರಕಟಣೆ ಹೊರಡಿಸತೊಡಗಿದರು. ಹಳದಿ ಎಚ್ಚರಿಕೆ ಕಿತ್ತಳೆಯಾಯಿತು, ಕಿತ್ತಳೆ ಕೆಂಪಾಯಿತು. ಬಿರುಗಾಳಿ ಕರಾವಳಿಯ ಉದ್ದಕ್ಕೂ ಬಡಗು ದಿಕ್ಕಿಗೆ ಸಾಗುತ್ತದೆ, ದೋಣಿಗಳೆಲ್ಲ ದಡ ಸೇರಬೇಕು ಎಂದು ಹೇಳಿದರು. ಬಳಗದವರು ನಕ್ಷೆಯ ಮೇಲೆ ಗೆರೆ ಎಳೆದೆಳೆದು ಅದರ ದಾರಿ ಹಿಡಿದರು. ಜಲಜಕ್ಕ ಎರಡು ದಿನದಿಂದ ಹೊಲಿಗೆ ಬಿಟ್ಟು, ಗಂಟೆಗೊಮ್ಮೆ ನನ್ನ ಗಾಜು ಬಡಿದು, ಅಂಕ ಬರೆದು ಬಂದರಿಗೂ ಬಳಗಕ್ಕೂ ಕಳಿಸುತ್ತಿದ್ದಳು. ನಾನು ಒಂದು ಸಾವಿರದ ಆರು ಅಂಕದಿಂದ ಇಳಿಯುತ್ತಾ ಬಂದಿದ್ದೆ.

ದೋಣಿಗಳು ದಡಕ್ಕೆ ಬಂದಿದ್ದವು. ಆದರೆ ಶೀನ ಬರುವಾಗ ಅವಸರದಲ್ಲಿ ತನ್ನ ಬಲೆಯನ್ನು ಬಂಡೆಸಾಲಿನ ಆಚೆ ನೀರಿನಲ್ಲೇ ಬಿಟ್ಟು ಬಂದಿದ್ದ. ಹೊಸ ಬಲೆ, ಮನೆಮಂದಿಯೆಲ್ಲ ಒಂದು ಇಡೀ ಮಳೆಗಾಲ ಕೂತು ನೇಯ್ದದ್ದು. ಮೂರನೆಯ ದಿನ ಬೆಳಿಗ್ಗೆ ಬಿಸಿಲು ಬಂತು, ಸಮುದ್ರ ಸಪ್ಪಗೆ ಮಲಗಿತ್ತು. ಮೊಬೈಲ್ ಗೋಪುರ ಮಾತ್ರ ಕೈಕೊಟ್ಟಿತು. ಜಲಜಕ್ಕನ ಅಂಕಗಳು ಬಂದರಿಗೆ ತಲುಪುತ್ತಿರಲಿಲ್ಲ, ಬಂದರಿನವರು ಗೊಣಗತೊಡಗಿದ್ದರು. ಹನ್ನೊಂದೂವರೆಗೆ ನಾನು ಒಂಬೈನೂರ ತೊಂಬತ್ತಾರು ತೋರಿಸುತ್ತಿದ್ದೆ. ಅವಳು ಹಳದಿ ಮುಳ್ಳನ್ನು ಅದರ ಮೇಲೆ ತಂದು ನಿಲ್ಲಿಸಿ, ನನ್ನನ್ನು ಗೋಡೆಯಿಂದ ಇಳಿಸಿದಳು. ಇಷ್ಟು ಕೆಳಗಿಳಿದ ಮುಳ್ಳನ್ನು ಕಣ್ಣಾರೆ ಕಂಡರೆ ಯಾರೂ ಸಮುದ್ರಕ್ಕೆ ಹೋಗಲಿಕ್ಕಿಲ್ಲ ಎಂಬುದು ಅವಳ ಎಣಿಕೆ. ಬಟ್ಟೆಯ ಚೀಲದಲ್ಲಿ ನನ್ನನ್ನು ಎದೆಗವಚಿಕೊಂಡು ನಾನೂರು ಮೆಟ್ಟಿಲು ಇಳಿದಳು.

ಬಂದರಿನ ಮೀನುಗಾರರ ಸೊಸೈಟಿಯ ವೈರ್‌ಲೆಸ್ ಕೋಣೆಯ ಮುಂದೆ ನಲವತ್ತು ಜನ ಸೇರಿದ್ದರು. ಶೀನ ಎದುರಿಗೇ ಇದ್ದ.

"ಮೂರ್ ದಿನ ಆಯ್ತ್ ಅಕ್ಕ, ಕೆಂಪ್ ಕೆಂಪ್ ಅಂತ ಹೇಳುಕೆ ಹಿಡ್ದ್. ಎಲ್ಲಿತ್ತ್ ಗಾಳಿ?" ಎಂದ.

"ಇದನ್ನ್ ಕಾಣ್, ಆಮೇಲೆ ಮಾತಾಡ್" ಎಂದು ಜಲಜಕ್ಕ ನನ್ನನ್ನು ಹೊರತೆಗೆದು ಮೇಜಿನ ಮೇಲೆ ನಿಲ್ಲಿಸಿದಳು.

ಎಲ್ಲರೂ ಬಗ್ಗಿ ನೋಡಿದರು. ಹಳದಿ ಮುಳ್ಳು ಒಂಬೈನೂರ ತೊಂಬತ್ತಾರರಲ್ಲಿತ್ತು. ಕರಿಮುಳ್ಳು ಒಂದು ಸಾವಿರದ ನಾಲ್ಕರಲ್ಲಿತ್ತು.

"ಏರಿತ್ತಲೆ" ಎಂದ ಶೀನ. ಹತ್ತೊಂಬತ್ತು ವರ್ಷದಲ್ಲಿ ಅಕ್ಕನ ಮುಳ್ಳು ಓದಲು ಇಡೀ ಬಂದರೇ ಕಲಿತಿತ್ತು.

ಜಲಜಕ್ಕ ಗಾಜು ಬಡಿದಳು. ಎರಡು ದಿನ ಸರಿಯಾಗಿ ಕಣ್ಣು ಮುಚ್ಚದವಳು. ಭಯಪಟ್ಟಿದ್ದ ಜೀವಕ್ಕೆ ಒಳ್ಳೆಯ ಸುದ್ದಿ ಕಂಡರೆ ಅದನ್ನು ತಿರುಗಿಸಿ ಮುರುಗಿಸಿ ನೋಡುವ ತಾಳ್ಮೆ ಎಲ್ಲಿರುತ್ತದೆ? "ಹೌದ್" ಎಂದಳು. "ಎಂಟ್ ಏರಿತ್ತ್. ಸುಳಿ ದೂರ ಹೋಯಿತ್ತೋ ಏನೋ."

ಅಷ್ಟು ಸಾಕಾಯಿತು. ಜನ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಒಬ್ಬ ಮುದುಕ ನನ್ನ ಗಾಜನ್ನು ಲುಂಗಿಯ ತುದಿಯಿಂದ ಒರೆಸಿದ. ನಿಜ ಹೇಳಲು ನಾಚಿಕೆಯಾಗುತ್ತದೆ, ನನಗೂ ಖುಷಿಯಾಗಿತ್ತು. ಹಡಗು ಬಿಟ್ಟ ಮೇಲೆ ಅಷ್ಟು ಜನ ಒಟ್ಟಿಗೆ ನನ್ನ ಮುಖ ನೋಡಿದ್ದು ಅದೇ ಮೊದಲು. ಶೀನ ಮೂವರನ್ನು ಕರೆದುಕೊಂಡು 'ಜಲದೀಪ' ದೋಣಿ ಹತ್ತಿದ. ಬಲೆ ಎಳೆದುಕೊಂಡು ಎರಡು ತಾಸಿನಲ್ಲಿ ಬರುತ್ತೇನೆ ಎಂದು ಹೇಳಿ ಹೋದ.

ಜಲಜಕ್ಕ ಹಳದಿ ಮುಳ್ಳನ್ನು ಒಂದು ಸಾವಿರದ ನಾಲ್ಕಕ್ಕೆ ಸರಿಸಿ, ವೈರ್‌ಲೆಸ್ ನೋಡಿಕೊಳ್ಳುವ ಮುತ್ತಯ್ಯನ ಪಕ್ಕದ ಬೆಂಚಿನಲ್ಲಿ ಕೂತಳು. ಮುಕ್ಕಾಲು ಗಂಟೆ ಕಳೆಯಿತು. ಮತ್ತೆ ಗಾಜು ಬಡಿದಾಗ ನಾನು ಒಂದೂವರೆ ಅಂಕ ಇಳಿದಿದ್ದೆ. ಅವಳ ಹುಬ್ಬು ಗಂಟಿಕ್ಕಿತು. ಹಾಗೆ ಏರಿದ್ದು ಹೀಗೆ ಇಳಿಯುವುದುಂಟೆ? ಮೆಟ್ಟಿಲಿಳಿದ ಮೊಣಕಾಲು ಸಿಡಿಯುತ್ತಿತ್ತು, ಯೋಚಿಸುತ್ತಾ ಅದನ್ನು ಉಜ್ಜಿಕೊಳ್ಳುತ್ತಿದ್ದಳು. ಉಜ್ಜುವ ಕೈ ತಟ್ಟನೆ ನಿಂತಿತು. ಅವಳು ಕಿಟಕಿಯಿಂದ ಗುಡ್ಡವನ್ನು ನೋಡಿದಳು, ನನ್ನನ್ನು ನೋಡಿದಳು.

ಗುಡ್ಡಕ್ಕೆಂದು ಮೇಷ್ಟ್ರು ಕೂಡಿಸಿದ್ದ ಎಂಟು ಅಂಕ ನನ್ನ ಬೆನ್ನಿನಲ್ಲಿ ಹಾಗೆಯೇ ಇತ್ತು. ಗಾಳಿಯ ಭಾರ ಏರಿರಲೇ ಇಲ್ಲ. ನಾವಿಬ್ಬರೂ ಕೆಳಗೆ ಬಂದಿದ್ದೆವು, ಅಷ್ಟೇ.

ಬಾಯಿಬಿಟ್ಟು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗಾಳಿ ಮತ್ತೆ ತಿರುಗಿತು ಎಂದರೆ ಊರು ನಂಬುತ್ತಿತ್ತು, ಹತ್ತೊಂಬತ್ತು ವರ್ಷದ ಹೆಸರೂ ಉಳಿಯುತ್ತಿತ್ತು. ಅವಳು ಮುತ್ತಯ್ಯನ ಕೈಯಿಂದ ಮೈಕು ಕಿತ್ತುಕೊಂಡಳು. ಅದರ ಮಾತು ಹೊರಗಿನ ಧ್ವನಿವರ್ಧಕದಲ್ಲಿ ಇಡೀ ಬಂದರಿಗೆ ಕೇಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

"ಶೀನ, ನಾನ್ ಜಲಜ. ನಾನ್ ತಪ್ಪ್ ಹೇಳ್ದೆ. ಗಾಳಿ ಹೋಯ್ಲಿಲ್ಲ, ಬತ್ತಾ ಇತ್ತ್. ತಿರ್ಗಿ ಬಾ."

ಒಂದಿಷ್ಟು ಗೊರಗೊರ ಸದ್ದಾಗಿ ಶೀನನ ದನಿ ಬಂತು. "ನೀನೇ ಅಲ್ದಾ ಏರಿತ್ತ್ ಅಂದದ್ದ್?"

"ಗುಡ್ಡಿ ಮೇಲಿಂದ ಕೆಳ್ಗೆ ತಂದದ್ದ್ ಲೆಕ್ಕಕ್ಕೆ ಹಿಡುಕೆ ಮರ್ತೆ. ಮುಳ್ಳಿಂದ್ ತಪ್ಪಲ್ಲ, ನಂದ್ ತಪ್ಪ್. ಅದ್ ಬೆಳಿಗ್ಗಿಂದ ಇಳಿತಾನೇ ಇತ್ತ್."

"ಬಲೆ ಬುರುಡೆ ನೀರ್ ಮೇಲೆ ತೇಲುದ್ ಕಾಣ್ತಾ ಇತ್ತ್ ಅಕ್ಕ. ಇನ್ನೊಂದ್ ಹತ್ತ್ ಮಿನಿಟ್."

"ಬಲೆ ಬ್ಯಾಡ. ಇನ್ನೊಂದ್ ಬಲೆ ನಾನೇ ಕೂತ್ ನೇಯ್ತೆ. ನಿಂಗೆ ಕೈ ಮುಗಿತೆ, ಬಾ ಮಾರಾಯ."

ಹೊರಗಿನ ನಲವತ್ತು ಜನರೂ ಕಿಟಕಿಗೆ ಬಂದು ಮುತ್ತಿದರು. ನಾನು ಕಂಡ ಕಪ್ತಾನರು ಬಿರುಗಾಳಿಗೆ ಹೆದರಿದವರಲ್ಲ, ಆದರೆ ಅವರ ಬಾಯಲ್ಲಿ 'ನನ್ನ ತಪ್ಪು' ಎಂಬ ಎರಡು ಮಾತನ್ನು ಹದಿನಾರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಈ ಹೆಂಗಸು ಇಡೀ ಊರಿನ ಕಿವಿಗೆ ಹೇಳಿಬಿಟ್ಟಳು. ನನಗೆ ಅವಳ ಮೇಲೆ ಎಷ್ಟು ಅಭಿಮಾನ ಉಕ್ಕಿತೆಂದರೆ, ಕಾಲಿದ್ದಿದ್ದರೆ ಎದ್ದು ನಿಲ್ಲುತ್ತಿದ್ದೆ.

"ತಿರ್ಗ್ಸ್ದೆ" ಎಂದಿತು ಧ್ವನಿವರ್ಧಕ.

ಕಾಯುವ ಹೊತ್ತಿನಲ್ಲಿ ಅವಳು ಸುಮ್ಮನೆ ಕೂರಲಿಲ್ಲ. ಚೀಲದಲ್ಲಿದ್ದ ಹೊಲಿಗೆ ಮಷಿನ್ನಿನ ಪುಟ್ಟ ಸ್ಕ್ರೂಡ್ರೈವರು ತೆಗೆದು, ನನ್ನ ಬೆನ್ನಿನ ಎಂಟು ಅಂಕ ಇಳಿಸಿದಳು. ಆಗ ನಾನು ತೋರಿಸಿದ್ದು ಒಂಬೈನೂರ ತೊಂಬತ್ತನಾಲ್ಕು. ಅದನ್ನು ಅವಳು ಜನರಿಗೆ ಓದಿ ಹೇಳಿದಳು. ಜನ ದೋಣಿಗಳನ್ನು ಇನ್ನೂ ಮೇಲಕ್ಕೆ ಎಳೆದು, ಮರಗಳಿಗೆ ಬಿಗಿದು, ದಡದ ಮನೆಗಳಿಂದ ಮಕ್ಕಳು ಮುದುಕರನ್ನು ಶಾಲೆಗೆ ಸಾಗಿಸಿದರು.

ಎರಡು ಗಂಟೆಗೆ ತೆಂಕಣದ ಬಾನು ಸೀಸದ ಬಣ್ಣಕ್ಕೆ ತಿರುಗಿತು. ಎರಡು ಹತ್ತಕ್ಕೆ 'ಜಲದೀಪ' ಬಂದರಿನ ಬಾಯಿಯ ಅಳಿವೆ ದಾಟಿ ಒಳಬಂತು. ನಾಲ್ವರೂ ದಡ ಹತ್ತಿದರು. ಎರಡೂವರೆಗೆ ಬಿರುಗಾಳಿ ಬಂತು. ಮಂಜುಗಡ್ಡೆ ಕಾರ್ಖಾನೆಯ ತಗಡುಗಳು ಎದ್ದು ಹಾರಿದವು. ಬಂಡೆಸಾಲಿನ ಮೇಲೆ ಅಲೆಗಳು ತೆಂಗಿನ ಮರದೆತ್ತರಕ್ಕೆ ಏಳುತ್ತಿದ್ದವು. ದಡದ ಮೊದಲ ಸಾಲಿನ ಏಳು ಮನೆಗಳ ಮಾಡು ಹಾರಿಹೋಯಿತು, ಒಳಗೆ ಯಾರೂ ಇರಲಿಲ್ಲ. ನಾನು ಒಂಬೈನೂರ ಎಂಬತ್ತೇಳಕ್ಕೆ ಇಳಿದೆ. ಹುಟ್ಟಿದ ಮೇಲೆ ಅಷ್ಟು ಕೆಳಗೆ ಹೋದದ್ದು ಅದೊಂದೇ ಸಲ.

ಶೀನ ಒದ್ದೆ ಬಟ್ಟೆಯಲ್ಲೇ ಅಕ್ಕನ ಪಕ್ಕ ಬೆಂಚಿನಲ್ಲಿ ಕೂತ.

"ಬಲೆ ಹೋಯ್ತ್" ಎಂದ.

"ಹೌದ್" ಎಂದಳು. ಅವಳ ಕಣ್ಣು ತುಂಬಿತ್ತು.

ಅವನು ಬಗ್ಗಿ ನನ್ನ ಗಾಜನ್ನು ಒಂದು ಸಲ ಬಡಿದ. "ಈಗ ಎಷ್ಟಿತ್ತ್ ಕಾಣ್ ಅಕ್ಕ" ಎಂದು ಕೇಳಿದ.

ಬಳಗಕ್ಕೂ ಅವಳು ತನ್ನ ತಪ್ಪನ್ನು ಬಿಡಿಸಿ ಬರೆದಳು. ಪೆಡ್ನೇಕರ್ ಈ ಸಲ ಯಾರನ್ನೂ ಹಿಡಿಯಲಿಲ್ಲ, ನಮಸ್ಕಾರ ಎಂದಷ್ಟೇ ಬರೆದರು. ಬಂದರಿನವರು ಅವಳನ್ನು ನಂಬುವುದು ಬಿಡುತ್ತಾರೆ ಎಂದುಕೊಂಡಿದ್ದೆ. ಮನುಷ್ಯರ ತೂಕ ಅಳೆಯಲು ನನಗೆ ಬರುವುದಿಲ್ಲ ಎಂದು ಆಗ ತಿಳಿಯಿತು. ಅವರು ಮೊದಲಿಗಿಂತ ಹೆಚ್ಚು ನಂಬಿದರು. ಮುಂದಿನ ಮಳೆಗಾಲದಲ್ಲಿ ಹೊಸ ಬಲೆ ನೇಯಲು ಅಕ್ಕ ಹಠ ಹಿಡಿದು ಕೂತಾಗ, ಬಂದರಿನ ಅರ್ಧ ಜನ ಬಂದು ಜೊತೆಗೆ ಕೂತರು.

ಈಗ ನನ್ನ ಹೊಟ್ಟೆಯ ಡಬ್ಬಿ ಸೋರಿ ಹೋಗಿದೆ, ಮುಳ್ಳು ಅಲುಗುವುದಿಲ್ಲ. ಸೊಸೈಟಿಯ ಗಾಜಿನ ಕಪಾಟಿನಲ್ಲಿ ಹಳೆಯ ಲಾಟೀನಿನ ಪಕ್ಕ ಕೂತಿದ್ದೇನೆ. ಜಲಜಕ್ಕನಿಗೆ ಕಣ್ಣು ಮಂಜಾಗಿದೆ, ಗುಡ್ಡ ಹತ್ತಲಾಗುವುದಿಲ್ಲ, ಬೆಳಗಾದರೆ ಬಂದು ಆ ಬೆಂಚಿನಲ್ಲೇ ಕೂರುತ್ತಾಳೆ. ಹೋದ ವಾರ ಒಬ್ಬರು ತಂತ್ರಜ್ಞರು ಬಂದು ಸೊಸೈಟಿಯ ಮಾಡಿನ ಮೇಲೆ ಬಿಳಿಯ ಹೊಸ ಯಂತ್ರವೊಂದನ್ನು ಕೂರಿಸಿದರು. ಅದು ತಾನೇ ಓದಿ ತಾನೇ ಮೊಬೈಲಿಗೆ ಕಳಿಸುತ್ತದಂತೆ, ಮನುಷ್ಯರು ಬೇಡವಂತೆ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಅವರು ಇಳಿದು ಬಂದು ಪೆಟ್ಟಿಗೆ ಮುಚ್ಚುವಾಗ ಶೀನ ಹತ್ತಿರ ಹೋದ. ತಲೆ ಪೂರ್ತಿ ನರೆತಿದೆ ಅವನದ್ದು.

"ಹ್ವಾಯ್, ಇದನ್ನ್ ನೆಲದಿಂದ ಎಷ್ಟ್ ಎತ್ತರದಂಗೆ ಇಟ್ಟಿದ್ರಿ?"

"ಹತ್ತು ಮೀಟರ್ ಇರಬಹುದು. ಯಾಕೆ?"

"ಆ ಎತ್ತರ ಯಂತ್ರಕ್ಕೆ ಹೇಳಿದ್ರ್ಯಾ?"

ಅವರು ನಗಲು ಹೊರಟವರು ನಗಲಿಲ್ಲ. ಲ್ಯಾಪ್‌ಟಾಪ್ ತೆರೆದು ನೋಡಿದರು. ಎತ್ತರ ಎಂಬಲ್ಲಿ ಸೊನ್ನೆ ಇತ್ತು. ಅವರು ಕಿವಿ ತುರಿಸಿಕೊಂಡು, "ಮರೆತೆ, ನನ್ನದೇ ತಪ್ಪು" ಎಂದರು.

ಬೆಂಚಿನ ಮೇಲಿದ್ದ ಜಲಜಕ್ಕ ಆ ದನಿ ಬಂದ ಕಡೆಗೆ ತಿರುಗಿದಳು. "ಕೂಕಣಿ ಮಾರಾಯ್ರೆ" ಎಂದು ಸರಿದು, ತನ್ನ ಪಕ್ಕದಲ್ಲಿ ಅವರಿಗೆ ಜಾಗ ಮಾಡಿಕೊಟ್ಟಳು.