ಬಳ್ಳಾರಿ ಗಾಡಿಯ ಕ್ಯಾಸೆಟ್

ಕೂರಿಸಿದ ಹೆಣ ಎಡಕ್ಕೆ ವಾಲುತ್ತಿತ್ತು. ಗೆಳೆಯ ಗಾದಿಲಿಂಗಪ್ಪ ಒಂದು ದಿಂಬು ತಂದು ಸಿದ್ದಬಸಪ್ಪನ ಪಕ್ಕೆಗೆ ಒತ್ತಿ, ತಲೆಯನ್ನು ಗೋಡೆಗೆ ಆನಿಸಿ ನೆಟ್ಟಗೆ ಮಾಡಿದ. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಬಳಿದು, ಹಾರ ಹಾಕಿ, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಬದುಕಿದ್ದಾಗಲೂ ಸಿದ್ದಬಸಪ್ಪ ಕೂರುತ್ತಿದ್ದುದು ಅದೇ ಗೋಡೆಗೆ. ಎದುರಿಗೆ ಅವನ ಹಳೆಯ ಟೀವಿ, ಕೆಳಗೆ ವಿಸಿಆರ್, ಪಕ್ಕದ ಟ್ರಂಕಿನ ತುಂಬ ರೈಲಿನ ಕ್ಯಾಸೆಟ್ಟುಗಳು. ಬಂದವರು ಅವುಗಳನ್ನು ದಾಟಿಕೊಂಡೇ ಹಾರ ಹಾಕಬೇಕಾಗಿತ್ತು.

ಸತ್ತವನ ಹೆಂಡತಿ ಗುರುಶಾಂತಮ್ಮನ ತಮ್ಮ ತಿಪ್ಪಯ್ಯ ರುದ್ರಭೂಮಿಯಿಂದ ಬಂದು, ಗುಂಡಿಗೆ ಬಂಡೆ ಅಡ್ಡ ಬಂದಿದೆ, ಇನ್ನೂ ತಡವಾಗುತ್ತದೆ ಎಂದ. ಯಾರೂ ಆಶ್ಚರ್ಯಪಡಲಿಲ್ಲ. ರಾಯದುರ್ಗದಲ್ಲಿ ಮನೆ ಕಟ್ಟುವವರೂ ಮಣ್ಣಾಗುವವರೂ ಮೊದಲು ಬಂಡೆಯ ಅಪ್ಪಣೆ ಕೇಳಬೇಕು.

ಜೀನ್ಸ್ ಹೊಲಿಯುವ ಯೂನಿಟ್ಟಿಗೆ ರಜೆ ಹಾಕಿ ಬಂದಿದ್ದ ಹೆಂಗಸರು ಸತ್ತವನ ಗುಣ ಹೇಳತೊಡಗಿದರು. ತಮ್ಮ ಮದುವೆಯ ವಿಡಿಯೊ ಹಿಡಿದವನು ಇವನೇ ಎಂದಳು ಒಬ್ಬಳು. ಬೀಗರ ಜಗಳದ ಭಾಗವನ್ನು ಕೇಳದೆಯೇ ಅಳಿಸಿಕೊಟ್ಟಿದ್ದ, ಅಂಥ ಮನುಷ್ಯ ಸಿಗುವುದಿಲ್ಲ ಎಂದಳು ಇನ್ನೊಬ್ಬಳು. ಬೆಳಗಿನಿಂದ ಬಾಯಿ ಬಿಡದಿದ್ದ ಗುರುಶಾಂತಮ್ಮ ಆಗ ತಲೆ ಎತ್ತಿದಳು.

"ಊರ ಮಂದಿ ಹೆಣ್ಮಕ್ಕಳನ್ನೆಲ್ಲ ಇವ್ರು ವಿಡಿಯೊದಾಗ ಹಿಡುದ್ರು. ನಮ್ಮ ಮಗಳು ಹೋಗೋವಾಗ ಇಂಜಿನ್ ಹಿಡಕಂತ ನಿಂತಿದ್ರು."

ಊರಿಗೆ ಉಪಕಾರಿ, ಮನೆಗೆ ಮಾರಿ. ಗಂಡನ ಬಗ್ಗೆ ಅವಳ ತೀರ್ಪು ಅಷ್ಟೇ ಆಗಿತ್ತು, ಅದನ್ನು ಅವಳು ಎಂದೂ ಬದಲಿಸಿರಲಿಲ್ಲ. ಗಾದಿಲಿಂಗಪ್ಪ ದಿಂಬಿನ ಮೇಲಿಟ್ಟ ಕೈ ತೆಗೆದ.

"ಇಲ್ಲ ಅಕ್ಕಾರ. ಹೇಮಿ ಅದಾಳ ಅದರಾಗ."

"ಯಾವುದರಾಗ?"

"ಬಳ್ಳಾರಿ ಗಾಡಿ ಕ್ಯಾಸೆಟ್ನಾಗ. ನಿಮಗ ಗೊತ್ತೈತಿ ಅಂದ್ಕಂಡಿದ್ದೆ."

*

ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕುತ್ತಾರೆಂದು ತಿಳಿದ ವರ್ಷ ಸಿದ್ದಬಸಪ್ಪನಿಗೆ ಹುಚ್ಚು ಹಿಡಿದಿತ್ತು. ಮದುವೆ ಇಲ್ಲದ ದಿನ ಕ್ಯಾಮೆರಾ ಹೊತ್ತು ಸ್ಟೇಷನ್ನಿಗೆ ಹೋಗುತ್ತಿದ್ದ. ಅಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಗಾದಿಲಿಂಗಪ್ಪನೊಂದಿಗೆ ಗೆಳೆತನವಾದದ್ದೂ ಆಗಲೇ. ಮಗಳು ಹೇಮಶ್ರೀ ಬಳ್ಳಾರಿಗೆ ಜೀನ್ಸ್ ಹೊಲಿಯಲು ಹೊರಟದ್ದೂ ಅದೇ ವರ್ಷ. ನೋಡಿದ ಗಂಡು ಬೇಡವೆಂದು ಜಗಳವಾಡಿ, ವರನ ಕಡೆಗೆ ತೋರಿಸಲು ತೆಗೆಸಿದ ಫೋಟೊಗಳ ಜೊತೆ ಮನೆಯಲ್ಲಿದ್ದ ತನ್ನ ಫೋಟೊಗಳನ್ನೆಲ್ಲ ಒಲೆಗೆ ಹಾಕಿ ಹೋದಳು. ಬಳ್ಳಾರಿಯಿಂದ ಬೆಂಗಳೂರಿನ ಯಾವುದೋ ಗಾರ್ಮೆಂಟಿಗೆ ಹೋದಳಂತೆ. ಅಪ್ಪ ಹುಡುಕಿಕೊಂಡು ಹೋಗಿ ಹತ್ತಾರು ಫ್ಯಾಕ್ಟರಿಗಳ ಗೇಟು ಕಾದು ಬಂದ. ಆಮೇಲೆ ಆ ಮನೆಯಲ್ಲಿ ಅವಳ ಹೆಸರು ಯಾರೂ ಎತ್ತಲಿಲ್ಲ.

ಗಾದಿಲಿಂಗಪ್ಪ ರಿಟೈರಾದ ಮೇಲೆ ಇಬ್ಬರೂ ಸಂಜೆ ಕ್ಯಾಸೆಟ್ ಹಾಕಿ ಕೂರುತ್ತಿದ್ದರು. ಟೀವಿ ಹಚ್ಚಿದೊಡನೆ ಗುರುಶಾಂತಮ್ಮ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡುತ್ತಿದ್ದಳು. ಬಳ್ಳಾರಿ ಗಾಡಿಯ ಕ್ಯಾಸೆಟ್ ಬಂತೆಂದರೆ ಜಗಳ ಖಾತ್ರಿ. ಅದು ಪ್ಯಾಸೆಂಜರ್ ಎಂದು ಸಿದ್ದಬಸಪ್ಪ. ಹಿಂದೆ ಎರಡು ಗೂಡ್ಸ್ ಡಬ್ಬಿ ಹಚ್ಚಿದ್ದರಿಂದ ಅದು ಮಿಕ್ಸೆಡ್ ಗಾಡಿಯೇ ಎಂದು ಗಾದಿಲಿಂಗಪ್ಪ. ಹಾಗಾದರೆ ತೋರಿಸು ಎಂದು ಇವನು, ನೋಡು ಎಂದು ಅವನು. ಸಿದ್ದಬಸಪ್ಪ ಹಿಂದಕ್ಕೆ ತಿರುಗಿಸಿ, ಕೊನೆಯ ಬೋಗಿಯ ಹತ್ತಿರ ಚಿತ್ರ ನಿಲ್ಲಿಸಿ, ಬಹಳ ಹೊತ್ತು ನೋಡಿ, ಸೋತೆ ಎನ್ನುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಮತ್ತೆ ಅದು ಪ್ಯಾಸೆಂಜರ್. ಆ ಬೋಗಿಯ ಬಾಗಿಲಲ್ಲಿ ಚೀಲ ಹಿಡಿದ ಹುಡುಗಿಯೊಬ್ಬಳು ಕ್ಯಾಮೆರಾದ ಕಡೆ ತಿರುಗಿದ್ದಳು. ಅವಳು ಹೇಮಿ ಎಂದು ಗೊತ್ತಿದ್ದರೂ ಗಾದಿಲಿಂಗಪ್ಪನ ಕಣ್ಣು ಗೂಡ್ಸ್ ಡಬ್ಬಿಗಳ ಮೇಲೆ.

ಎರಡು ವರ್ಷದ ಹಿಂದೆ ಒಂದು ಸಂಜೆ ಸಿದ್ದಬಸಪ್ಪ ತಾನಾಗಿಯೇ, "ಮಿಕ್ಸೆಡ್ಡೇ ಬಿಡಪ್ಪ, ನೀನ ಗೆದ್ದಿ" ಎಂದು ಆ ಕ್ಯಾಸೆಟ್ಟನ್ನು ಟ್ರಂಕಿನ ತಳಕ್ಕೆ ಹಾಕಿದ. ಗಾದಿಲಿಂಗಪ್ಪ ಖುಷಿಯಲ್ಲಿ ಹೋಟೆಲಿನಲ್ಲಿ ಎಲ್ಲರಿಗೂ ಮಿರ್ಚಿ ತಿನ್ನಿಸಿದ್ದ.

*

ಗುರುಶಾಂತಮ್ಮ ಕ್ಯಾಸೆಟ್ ಹಾಕು ಎಂದಳು. ಹೆಣದ ಮುಂದೆ ಟೀವಿಯೇ, ಮಂದಿ ಏನಂದಾರು ಎಂದು ತಿಪ್ಪಯ್ಯ ತಡೆಯಲು ಬಂದ. ಅವಳು ಅವನ ಮುಖ ಸಹ ನೋಡಲಿಲ್ಲ.

"ನನಗ ಆಕಿ ಮಕ ಮರತೈತಿ, ತಿಪ್ಪಯ್ಯ. ಮೂಗು ನೆನಪೈತಿ. ಮಕ ಬರವಲ್ದು."

ಹೊರಗೆ ಭಜನೆಯವರು ತಾಳ ನಿಲ್ಲಿಸಿದರು. ಗಾದಿಲಿಂಗಪ್ಪ ಟ್ರಂಕಿನ ತಳದಿಂದ ಕ್ಯಾಸೆಟ್ ತೆಗೆದು ಹಾಕಿದ. ಇಂಜಿನ್ನು ಬಂತು, ಕೊಡ ಹಿಡಿದ ಹೆಂಗಸರು ಬಂದರು, ಬೋಗಿಗಳು ಒಂದರ ಹಿಂದೊಂದು ಬಂದವು. ಗುರುಶಾಂತಮ್ಮ ಗಂಡನ ಪಕ್ಕಕ್ಕೆ ಸರಿದು ಕೂತಳು.

"ಈಗ ನೋಡ್ರಿ ಅಕ್ಕಾರ, ಬಾಗಲದಾಗ."

ಕೊನೆಯ ಬೋಗಿ ಬರುತ್ತಲೇ ಪರದೆಯ ತುಂಬ ಬಿಳಿ ಗೆರೆಗಳು ಎದ್ದವು. ಗಾದಿಲಿಂಗಪ್ಪ ಹಿಂದಕ್ಕೆ ತಿರುಗಿಸಿದ. ಮತ್ತೆ ಗೆರೆಗಳು. ಅವು ಕಳೆದಾಗ ಗಾಡಿ ಹೊರಟಾಗಿತ್ತು, ಪ್ಲಾಟ್‌ಫಾರಂ ಖಾಲಿ ಇತ್ತು. ಒಂದೇ ಕಡೆ ನಿಲ್ಲಿಸಿ ನೋಡಬೇಡಿ, ಟೇಪು ಸವೆಯುತ್ತದೆ ಎಂದು ಮದುವೆ ಕ್ಯಾಸೆಟ್ ಕೊಡುವಾಗ ಸಿದ್ದಬಸಪ್ಪ ಎಲ್ಲರಿಗೂ ಹೇಳುತ್ತಿದ್ದ. ಮಗಳು ಟೇಪಿನಿಂದ ಅಳಿಸಿಹೋದ ದಿನವೇ ಅವನು ಸೋಲೊಪ್ಪಿದ್ದು ಎಂದು ಹೊಳೆದು, ಹೋಟೆಲಿನ ಮಿರ್ಚಿ ನೆನಪಾಗಿ ಗಾದಿಲಿಂಗಪ್ಪನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಸವದೈತಿ ಅಕ್ಕಾರ. ನೋಡಿ ನೋಡಿ ಸವಸ್ಯಾನ."

ಗುಂಡಿ ಆಯಿತು, ಅಯ್ಯನೋರು ಬಂದರು ಎಂದು ಹೊರಗಿನಿಂದ ಯಾರೋ ಹೇಳಿದರು. ನಾಲ್ಕು ಜನ ಒಳಗೆ ಬಂದು ಹೆಣದ ತೋಳಿಗೆ ಕೈ ಹಾಕಿದರು. ಗುರುಶಾಂತಮ್ಮ ಕೈ ಅಡ್ಡ ಹಿಡಿದಳು.

"ತಡೀರಿ. ಇನ್ನೊಂದ್ಸಲ ತಿರುವ್ರಿ ಅಣ್ಣಾರ. ಆಕಿ ಇರೋ ಕಡಿ ನಿಲ್ಲಸ್ರಿ."

ಗಾದಿಲಿಂಗಪ್ಪ ನಿಲ್ಲಿಸಿದ. ಗೆರೆಗಳು ನಿಂತಲ್ಲೇ ನಡುಗತೊಡಗಿದವು. ಬಂದವರು ಕೈ ತೆಗೆದು ಗೋಡೆಗೆ ಸರಿದರು. ಗುರುಶಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ಭುಜಕ್ಕೆ ಭುಜ ತಾಗಿಸಿ, ಟೀವಿಯನ್ನೇ ನೋಡುತ್ತ ಕೂತಳು.