ಕೇಕಿನ ಮೇಲಿನ ಮೊದಲ ಹೆಸರು

ಹಸಿರು, ಎಷ್ಟೊಂದು ಹಸಿರು ಈ ಕೇಕು, ಪಾಚಿ ಕಟ್ಟಿದ ಕೆರೆಯೂ ಇಷ್ಟು ಹಸಿರಿರುವುದಿಲ್ಲ, ಮೇಲೆ ಬಿಳಿ ಕೆನೆಯಲ್ಲಿ ನನ್ನ ಹೆಸರು, ಹೆದ್ವಿಗ್, ಪಕ್ಕದಲ್ಲಿ ಉದ್ದನೆಯ ಚಾಕು — ಚಾಕು ಇರಲಿ, ಕೇಕು ತಂದವರು ಯಾರು ಅದನ್ನು ಯೋಚಿಸು, ಈ ವಿಭಾಗದಲ್ಲಿ ಲೇಖನ ಅಚ್ಚಾದವರೇ ಕೇಕು ತರಬೇಕು, ಯಾರೂ ತಪ್ಪಿಸಿದ್ದಿಲ್ಲ, ಇವತ್ತು ಸ್ಟೆಲ್ಲನ್ ತಂದಿದ್ದಾನೆ, ಪ್ರೊಫೆಸರು, ವಿಭಾಗದ ಸಂಶೋಧನಾ ಪತ್ರಿಕೆಯ ಸಂಪಾದಕನೂ ಅವನೇ, ತನ್ನ ಕಾಫಿ ಲೋಟವನ್ನೇ ತೊಳೆಯದವನು ಅಂಗಡಿಗೆ ಹೋಗಿ ನನ್ನ ಹೆಸರು ಬರೆಸಿಕೊಂಡು ಬಂದಿದ್ದಾನೆ, ಅಯ್ಯೋ ದೇವರೇ, ಯಾಕೆ. ಕಿಟಕಿಯಾಚೆ ಮಧ್ಯಾಹ್ನಕ್ಕೇ ಕತ್ತಲು, ನವೆಂಬರ್. ಕಳೆದ ವರ್ಷ ಪತ್ರಿಕೆಯ ಸಂಚಿಕೆಯಲ್ಲಿ ಲೇಖಕರ ಸಾಲಿನ ಮುಂದೆ ನಿಂತ ಹೆಸರೆಲ್ಲ ಗಂಡಸರದೇ ಎಂದು ಸ್ವೀಡನ್ನೆಲ್ಲ ಆಡಿಕೊಂಡಿತು, ಅನುದಾನ ಕೊಡುವವರು ಮುಖ ಗಂಟಿಕ್ಕಿದರು, ಆಮೇಲೆ ಸ್ಟೆಲ್ಲನ್ ನನ್ನ ಕೋಣೆಗೆ ಬಂದ, ಬಾಗಿಲು ಹಾಕಿದ, ಪುಟ್ಟೀ, ಈ ಸಲ ಅರ್ಧಕ್ಕರ್ಧ ಹೆಂಗಸ್ರಿರ್ಬೇಕು ಕಣೇ, ನನ್ನ ಕೆರೆ ಲೇಖನಕ್ಕೆ ನಿನ್ನ ಹೆಸ್ರೇ ಮೊದ್ಲು ಹಾಕ್ತೀನಿ — ತಲೆ ನರೆತ ನನಗೆ ಪುಟ್ಟಿ! — ನಾನು ಬರೆದದ್ದಕ್ಕೆಲ್ಲ ಕೊನೆಯ ಹೆಸರಾಗಿ ಬಾಲದಲ್ಲಿ ನೇತಾಡಿದವಳು, ನಾನು ಬರೆಯದ ಒಂದಕ್ಕೆ ಮೊದಲನೆಯವಳು, ಅಳು ಬಂತು, ಖುಷಿಗೇ ಬಂತು, ಸುಳ್ಳೇಕೆ, ಊರಲ್ಲಿ, ಕಿರೂನಾದಲ್ಲಿ, ಅಮ್ಮ ಆ ಪುಟವನ್ನು ಫ್ರಿಜ್ಜಿಗೆ ಅಂಟಿಸಿದಳು. ಅಳತೆಗಳನ್ನು ತೋರಿಸು ಎಂದೆ, ತೋರಿಸ್ತೀನಿ ಬಿಡೇ, ಕೆರೆಗಳೇನು ಓಡಿ ಹೋಗ್ತವಾ ಎಂದ, ಮತ್ತೆ ಕೇಳಿದೆ, ಮತ್ತೆ ನಕ್ಕ.

ಬೆಳಿಗ್ಗೆ ಗುನ್ವೊರ್, ಪತ್ರಿಕೆಯ ಕಚೇರಿ ನೋಡಿಕೊಳ್ಳುವವಳು, ಮೆಟ್ಟಿಲ ಬಳಿ ತೋಳು ಹಿಡಿದಳು, ಹೆದ್ವಿಗ್, ನಾರ್ವೆಯಿಂದ ಯಾರೋ ದೂರು ಕೊಟ್ಟಿದಾರೆ ಕಣೇ, ಎರಡು ಕೆರೆಯ ಅಂಕಿ ಒಂದೇ ಥರ ಇದೆಯಂತೆ, ಒಂಚೂರೂ ಹೆಚ್ಚುಕಮ್ಮಿ ಇಲ್ವಂತೆ, ವಿಚಾರಣೆ ಆಗುತ್ತೆ, ಮೊದಲ ಹೆಸರಿನವರದೇ ಹೊಣೆ, ಸ್ಟೆಲ್ಲನ್‌ಗೆ ಶುಕ್ರವಾರವೇ ಗೊತ್ತು. ಶುಕ್ರವಾರ ಗೊತ್ತು, ಸೋಮವಾರ ಕೇಕು. ಎರಡನೆಯ ಕೆರೆಗೆ ಅವನು ಹೋಗಿಯೇ ಇಲ್ಲ, ಮೊದಲನೆಯದರ ಅಂಕಿಗಳನ್ನೇ ಅದಕ್ಕೂ ಬರೆದುಬಿಟ್ಟಿದ್ದಾನೆ, ದೀಪದ ಕೆಳಗೆ ಚಾಕು ಹೊಳೆಯುತ್ತಿದೆ, ಎದ್ದು ನಿಂತ ನೋಡು, ಚಮಚದಿಂದ ಲೋಟ ಬಡಿದ, ಇದು ಪೂರ್ತಿ ಹೆದ್ವಿಗ್ ಕೆಲಸ, ನಾನು ಅಲ್ಲಿ ಇಲ್ಲಿ ಒಂದು ಕಾಮಾ ತಿದ್ದಿರಬಹುದು ಅಷ್ಟೇ, ಎಲ್ಲರೂ ಕೇಳಿಸ್ಕೊಂಡ್ರಲ್ಲ — ಕೇಳಿಸಿಕೊಂಡರು, ಚಪ್ಪಾಳೆ, ನಾಳೆ ಇವರೇ ಸಾಕ್ಷಿಗಳು, ಗುನ್ವೊರ್ ಮಾತ್ರ ಕೈ ಮಡಿಲಲ್ಲಿಟ್ಟು ನನ್ನನ್ನೇ ನೋಡುತ್ತಿದ್ದಾಳೆ, ಮಾತಾಡು ಎನ್ನುತ್ತಿವೆ ಆ ಕಣ್ಣುಗಳು, ಏನೆಂದು ಮಾತಾಡಲಿ, ನನ್ನದಲ್ಲ ಎಂದರೆ ಹೆಸರು ಯಾಕೆ ಹಾಕಿಸಿಕೊಂಡೆ ಎನ್ನುತ್ತಾರೆ, ನನ್ನದೇ ಎಂದರೆ ಕೆಲಸ ಹೋಯಿತು, ಹೆಂಗಸರನ್ನು ಮುಂದೆ ನಿಲ್ಲಿಸಿದರೆ ಹೀಗೇ ಆಗೋದು ಎಂದೂ ಅನ್ನುತ್ತಾರೆ, ಮುಂದಿನ ಹುಡುಗಿಗೆ ಬಾಗಿಲು ಮುಚ್ಚಿತು. ಪುಟ್ಟೀ ಬಾ, ನಿನ್ನ ಹೆಸ್ರು, ನೀನೇ ಕತ್ತರಿಸು, ಚಾಕುವಿನ ಹಿಡಿಯನ್ನು ನನ್ನ ಕಡೆಗೇ ತಿರುಗಿಸಿ ಕೊಡುತ್ತಾನೆ, ಎಂಥ ಮರ್ಯಾದಸ್ಥ, ಹಿಡಿ ಇನ್ನೂ ಅವನ ಕೈಯ ಬಿಸಿಗೆ ಬೆಚ್ಚಗಿದೆ, ಬಾಯಿ ತೆರೆದೆ, ಸ್ಟೆಲ್ಲನ್, ಆ ಎರಡನೇ ಕೆರೆ — ಮೊದ್ಲು ಕತ್ತರಿಸೇ, ಆಮೇಲೆ ಮಾತು — ನಗು, ತಟ್ಟೆಗಳು ಮುಂದೆ ಚಾಚಿಕೊಂಡಿವೆ, ಬಿಳಿ ಕೆನೆ, ಹೆದ್ವಿಗ್, ಮೊದಲ ಅಕ್ಷರದ ಮೇಲೆ ಚಾಕು, ಕೆಳಗೆ ಹೋಗುತ್ತಿಲ್ಲ, ಮೇಲೂ ಬರುತ್ತಿಲ್ಲ, ನನ್ನ ಹೆಸರು, ನನ್ನ ಕೈ, ಚಾಕು.