ಪ್ರಗತಿ ಅಳಿಸಿದ ಸಾಲು

ಸ್ಟಾಫರ್ಡಿನಲ್ಲಿ ಕೊಂಡ ಹೂವಿನ ಬುಟ್ಟಿಯನ್ನು ಕುರ್ಚಿಯ ಮೇಲೆ ಕುಕ್ಕಿ, ಪ್ರಗತಿ ಶವಸಂಸ್ಕಾರ ಗೃಹದ ಪಕ್ಕದ ಕೋಣೆಗೆ ನುಗ್ಗಿ ಲ್ಯಾಪ್‌ಟಾಪ್ ತೆರೆದಳು. ಗಂಟೆ ಹತ್ತೂವರೆ. ಆಸ್ಟಿನ್ನಿನಿಂದ ಹ್ಯೂಸ್ಟನ್ನಿಗೆ ಮೂರು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ಆಚೆ ಹಾಲ್‌ನಲ್ಲಿ ವೆಂಕಟಗಿರಿಯವರನ್ನು ಮಲಗಿಸಿದ್ದರು. ಹನ್ನೊಂದೂವರೆಗೆ ದಹನ. ಹನ್ನೆರಡಕ್ಕೆ ‘ಕಣಜ’ದ ಹೊಸ ಆವೃತ್ತಿ ತಾನಾಗಿಯೇ ಬಿಡುಗಡೆಯಾಗುತ್ತಿತ್ತು.

ಕಣಜ, ವೆಂಕಟಗಿರಿಯವರು ಹದಿನೆಂಟು ವರ್ಷ ಪುಕ್ಕಟೆಯಾಗಿ ಕಟ್ಟಿ ಬೆಳೆಸಿದ, ಮಾಹಿತಿ ಕಾಪಿಡುವ ಡೇಟಾಬೇಸ್ ತಂತ್ರಾಂಶ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಿದ್ದಲು ಹೋಗಿ ಕೆಡಿಸಿದವಳು ಪ್ರಗತಿ. ಡಲ್ಲಾಸಿನ ಒಂದು ಕ್ಲಿನಿಕ್ಕಿನವರು ಹೊಸ ಆವೃತ್ತಿಯನ್ನು ಮೊದಲೇ ಹಾಕಿ ನೋಡುತ್ತಿದ್ದರು. ಇಂದು ಬೆಳಿಗ್ಗೆ ಕರೆಂಟು ಹೋಗಿ ಬಂದದ್ದೇ ತಡ, ಒಂದು ಗಂಟೆಯ ರೋಗಿಗಳ ವಿವರ ಮಾಯ.

ಕಣಜದ ಇನ್ನೊಬ್ಬ ಹಿರಿಯ, ಡಲ್ಲಾಸಿನ ಗೋಪಾಲಕೃಷ್ಣ ಬಾಗಿಲಲ್ಲಿ ಬಂದು ನಿಂತರು.

“ಫಿಕ್ಸ್ ಆಯ್ತೇನಮ್ಮಾ?”

“ಆಯ್ತು ಸರ್. ಒಂದೇ ಸಾಲು, ವಾಪಸ್ ಹಾಕ್ದೆ. ಕಾರಣ ಬರೀಬೇಕಲ್ಲ.”

ಕಾರಣ ಬರೆಯದೆ ಯಾವ ತಿದ್ದುಪಡಿಯೂ ಒಳಹೋಗುವಂತಿರಲಿಲ್ಲ. ವೆಂಕಟಗಿರಿಯವರೇ ಮಾಡಿಟ್ಟ ಕಟ್ಟಳೆ ಅದು.

“ವೆಂಕಟಗಿರಿ ಹೇಳಿದ್ರು, ತೆಗ್ದೆ ಅಂತ ಬರಿ. ಒಪ್ಪಿಗೆ ಅವರದೇ ಇದೆ. ಹೋದೋರಿಗೆ ಏನಾಗ್ಬೇಕು? ನಾಳೆ ಕಣಜ ನೋಡ್ಕೊಳ್ಳೋಕೆ ಅವರ ಜಾಗಕ್ಕೆ ನಿನ್ನ ಹೆಸರು ಅನೌನ್ಸ್ ಮಾಡ್ಬೇಕು. ನೀನೇ ಕೆಡಿಸಿದ್ದು ಅಂದ್ರೆ ಯಾರು ಒಪ್ತಾರೆ?”

ಸತ್ತವರ ತಲೆಯ ಮೇಲೆ ಗೂಬೆ ಕೂರಿಸುವುದು ಸುಲಭ. ಓಡಿಸಲು ಅವರು ಕೈ ಎತ್ತುವುದಿಲ್ಲ. ಪ್ರಗತಿಗೆ ಆ ಜಾಗ ಬೇಕಿತ್ತು. ನಾಲ್ಕು ವರ್ಷದಿಂದ ಬೇಕಿತ್ತು. ತನಗೇ ಹೇಸಿಗೆಯಾಯಿತು.

*

ಮೂರು ವಾರದ ಹಿಂದೆ, ೨೦೧೬ರ ಫೆಬ್ರವರಿಯಲ್ಲಿ, ಹ್ಯೂಸ್ಟನ್ ಪಕ್ಕದ ಕೇಟಿ ಊರಿನ ಆಸ್ಪತ್ರೆ.

ವೆಂಕಟಗಿರಿ ಓದದೆ ಯಾವುದಕ್ಕೂ ‘ಹ್ಞೂಂ’ ಅಂದವರಲ್ಲ. ಮದುವೆ ಕರೆಯೋಲೆ ಕೊಟ್ಟರೂ ತಿದ್ದಿ ವಾಪಸ್ ಕಳಿಸ್ತಾರೆ ಎಂದು ಗೆಳೆಯರು ನಗುತ್ತಿದ್ದರು.

“ಅಂಕಲ್, ಬರೀ ಕ್ಲೀನಪ್ಪು. ಒಂದೇ ಕೆಲ್ಸ ಎರಡು ಸಲ ಮಾಡಿದೀರ, ಒಂದು ತೆಗ್ದೆ. ಓದೋದೇನಿಲ್ಲ. ಇವತ್ತೇ ಲಾಸ್ಟ್ ಡೇಟು,” ಎಂದು ಪ್ರಗತಿ ಲ್ಯಾಪ್‌ಟಾಪನ್ನು ಅವರ ಮುಂದೆ ಹಿಡಿದಳು.

“ಎರಡು ಸಲ ಯಾಕೆ ಬರ್ದಿದ್ದೆ ನಾನು?” ನೋವಿನ ಔಷಧಿಯ ಮಂಪರಿನಲ್ಲಿ ಹುಬ್ಬು ಗಂಟಿಕ್ಕಿಕೊಂಡು ಯೋಚಿಸಿದರು. ನೆನಪಾಗಲಿಲ್ಲ. “ನೀನು ನೋಡಿದೀಯಲ್ಲ, ಸಾಕು,” ಎಂದು ಒಪ್ಪಿಗೆ ಒತ್ತಿದರು.

ಮೊದಲನೆಯ ಸಾಲು ಕಡತವನ್ನು ಡಿಸ್ಕಿಗೆ ಇಳಿಸುತ್ತಿತ್ತು. ಅವಳು ಅಳಿಸಿದ ಎರಡನೆಯದು, ಆ ಕಡತ ಎಲ್ಲಿದೆ ಎಂಬ ಪಟ್ಟಿಯನ್ನು; ಅದು ಇಳಿಯದೆ ಕರೆಂಟು ಹೋದರೆ ಕಡತ ಮತ್ತೆ ಸಿಗುತ್ತಿರಲಿಲ್ಲ. ನೋಡಲು ಅವಳಿಜವಳಿ, ಕೆಲಸ ಬೇರೆ ಬೇರೆ. ಅದು ಅವಳಿಗೆ ತಿಳಿದದ್ದು ಈ ಬೆಳಿಗ್ಗೆ.

*

ಹನ್ನೊಂದು ಇಪ್ಪತ್ತು. ಬಾಯಿಗೆ ಅಕ್ಕಿ ಹಾಕಿದವರೆಲ್ಲ ಹಿಂದೆ ಸರಿದಿದ್ದರು. ಅಲ್ಲಿನ ಸಿಬ್ಬಂದಿಯವನು ವೆಂಕಟಗಿರಿಯವರ ಕನ್ನಡಕ ತೆಗೆದು ಹೆಂಡತಿ ಕೋಕಿಲಾ ಅವರ ಕೈಗೆ ಕೊಟ್ಟ. ಪ್ರಗತಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಅವರ ಹತ್ತಿರ ಹೋದಳು. ಆದದ್ದನ್ನೆಲ್ಲ ನಾಲ್ಕು ಮಾತಿನಲ್ಲಿ ಹೇಳಿದಳು.

“ತಪ್ಪೆಲ್ಲಾ ನಂದೇ ಅಂತ ಬರ್ದಿದೀನಿ ಆಂಟಿ. ಅಂಕಲ್ ಹೆಸರು ಎಲ್ಲೂ ತಂದಿಲ್ಲ.”

“ಅವರು ಓದಿದ್ರಾ ಅದನ್ನ?”

“ಇಲ್ಲ. ಓದೋದು ಬೇಡ ಅಂತ ನಾನೇ ಅಂದೆ.”

“ನೀನು ಬೇಡ ಅಂದ್ರೆ? ಒತ್ತಿದ್ದು ಅವರ ಬೆರಳು ತಾನೆ?” ಕೋಕಿಲಾ ಕೈಯಲ್ಲಿದ್ದ ಕನ್ನಡಕವನ್ನು ಒರೆಸಿದರು. “ಅದನ್ನೂ ಬರಿ. ಊರೋರ ತಪ್ಪೆಲ್ಲಾ ಹಿಡಿದೋರು. ತಮ್ದೊಂದು ಮುಚ್ಚಿಡಿ ಅಂತಿರ್ಲಿಲ್ಲ.”

ಗೋಪಾಲಕೃಷ್ಣ ದೂರದಿಂದಲೇ ಬೇಡ ಎಂದು ತಲೆಯಾಡಿಸಿದರು. ಪ್ರಗತಿ ನೋಡಿಯೂ ನೋಡದವಳಂತೆ ಬರೆದಳು: ಅರ್ಥವಾಗದೆ ಸಾಲು ಅಳಿಸಿದವಳು ಪ್ರಗತಿ. ಓದದೆ ಒಪ್ಪಿದವರು ವೆಂಕಟಗಿರಿ.

“ಕಳಿಸ್ಲಾ ಆಂಟಿ?”

“ತಡಿ. ಇಲ್ಲಿ ಕೊಡು.”

ಸಿಬ್ಬಂದಿಯವನು ಗಡಿಯಾರ ನೋಡಿದ. ಕೋಕಿಲಾ ಶವಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಗಂಡನ ಕನ್ನಡಕ ಏರಿಸಿಕೊಂಡರು. ಕೋಡಿನ ಒಂದಕ್ಷರವೂ ಬಾರದ ಅವರು ಮೊದಲ ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ ಓದತೊಡಗಿದರು.